ಸ್ಪ್ರಿಂಗ್ ಪಿನ್ ಬುಷ್ ಕಿಟ್: ಪಿನ್ನು ಚೆನ್ನಾಗಿದೆ, ಜೊತೆಗೆ ಕೊಟ್ಟಿರೋ ನಟ್ಟು ಬೋಲ್ಟು ಬೇಡವೇ ಬೇಡ

ನಮ್ಮ ಲಾರಿಯ ಮುಂದಿನ ಬ್ಲೇಡ್ ಸೆಟ್ಟಿನ (ಪಟ್ಟಿ ಸ್ಪ್ರಿಂಗಿನ) ಪಿನ್ನು, ಅದು ಕೂರೋ ಬುಷ್ಷು ಸವೆದು ಹೋಗಿ ಹಂಪ್ ಹತ್ತಿಸಿದ್ರೆ ಸಾಕು ಟಕ್ ಟಕ್ ಅಂತಿತ್ತು ಗಾಡಿ, ಅದಕ್ಕೆ ಫುಲ್ ಕಿಟ್ ತಗೊಂಡು ನಮ್ಮ ಶೆಡ್ಡಲ್ಲೇ ಮೇಸ್ತ್ರಿ ಜೊತೆ ಕೂತು ಹಾಕಿದ್ವಿ. ಲಾರಿ ಇಟ್ಕೊಂಡಿರೋರಿಗೆ ಗೊತ್ತಿರುತ್ತೆ, ಮುಂದೆ ಒಂದು ಸೈಡಿಗೆ ಮೂರು ಪಿನ್ನು, ಚಾಸಿ ಬ್ರಾಕೆಟ್ಟಿಗೆ ಒಂದು, ಶ್ಯಾಕಲ್ಲಿಗೆ (ಬ್ಲೇಡಿನ ಇನ್ನೊಂದು ತುದಿ ಹಿಡಿಯೋ ಅಲ್ಲಾಡೋ ಕೊಂಡಿ) ಎರಡು, ಎರಡೂ ಸೈಡ್ ಸೇರಿ ಆರು. ಪ್ರತಿ ಪಿನ್ನಿಗೂ ಲಾಕ್ ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್ರು, ಗ್ರೀಸ್ ತುಂಬೋ ನಿಪ್ಪಲ್ಲು ಎಲ್ಲಾ ಕಿಟ್ಟಲ್ಲೇ ಬರುತ್ತೆ.

ಪಿನ್ನು ಬುಷ್ಷು ಬಗ್ಗೆ ಒಂದು ಮಾತು ಎತ್ತೋ ಹಾಗಿಲ್ಲ. ಸೈಜ್ ಸರಿಯಾಗಿದೆ, ಬುಷ್ ಪ್ರೆಸ್ ಮಾಡಿದ್ಮೇಲೆ ಪಿನ್ನು ಕೈಯಲ್ಲೇ ನೀಟಾಗಿ ಹೋಯ್ತು. ಒಳ್ಳೇ ಕೆಲಸ.

ತೊಂದ್ರೆ ಎಲ್ಲಾ ಸಣ್ಣ ಸಾಮಾನಲ್ಲಿ. ಲಾಕ್ ಬೋಲ್ಟ್ ಕಷ್ಟ ಮಾಡಿದವರಿಗೇ ಗೊತ್ತು. ಅದು ಬ್ರಾಕೆಟ್ ತೂತಲ್ಲಿ ಹೋಗಿ ಪಿನ್ನಿನ ಸೈಡಲ್ಲಿರೋ ಗ್ರೂವ್ ಒಳಗೆ ಹಾದು ಆಚೆ ಬರ್ಬೇಕು, ಪಿನ್ನು ಒಂದ್ ಚೂರು ತಿರುಗಿದ್ರೂ ಬೋಲ್ಟು ಅರ್ಧಕ್ಕೆ ನಿಂತುಬಿಡುತ್ತೆ, ಮಲಗಿಕೊಂಡು ಟೈರಿಗೂ ಚಾಸಿಗೂ ಮಧ್ಯ ಕೈ ತೂರಿಸಿ ಕಣ್ಣಿಗೆ ಕಾಣದೇ ಇರೋ ಜಾಗದಲ್ಲಿ ಬೆರಳ ತುದಿಯಲ್ಲಿ ನಟ್ ಹಿಡ್ಕೊಂಡು ಮರೆ (ಥ್ರೆಡ್) ಕೂರಿಸೋಕೆ ನೋಡ್ತಾ ಇರ್ತೀವಿ. ಅಂಥ ಜಾಗಕ್ಕೆ ಕೊಟ್ಟಿರೋ ಬೋಲ್ಟಿನ ಮರೇಲಿ ಬರ್ರು, ಅಂದ್ರೆ ಲೋಹದ ಚೂಪು ಚೂರು! ಮೇಜಿನ ಮೇಲೆ ಇಟ್ಕೊಂಡು ಹಾಕಿದ್ರೇನೇ ನಟ್ಟು ಎರಡು ಸುತ್ತು ಹೋಗಿ ಹಿಡ್ಕೊಳ್ಳುತ್ತೆ, ಇನ್ನು ಗಾಡಿ ಕೆಳಗೆ ಏನ್ ಹೋಗುತ್ತೆ ಹೇಳಿ. ಬೋಲ್ಟ್ ತಲೆ ಮೇಲೆ ಅದರ ಗಟ್ಟಿತನ ಹೇಳೋ 8.8 ಇಲ್ಲ, 10.9 ಇಲ್ಲ, ಯಾವ ನಂಬರೂ ಇಲ್ಲ. ಪಿನ್ನು ತಿರುಗದ ಹಾಗೆ, ಆಚೆ ಜಾರದ ಹಾಗೆ ಹಿಡ್ಕೊಂಡಿರೋದೇ ಈ ಬೋಲ್ಟು, ಇದು ಹೋದ್ರೆ ಪಿನ್ನು ಬ್ರಾಕೆಟ್ಟನ್ನೇ ತಿನ್ನೋಕೆ ಶುರು ಮಾಡುತ್ತೆ. ಸ್ಪ್ರಿಂಗ್ ವಾಷರ್ ಒಂದ್ ಸಲ ಟೈಟ್ ಮಾಡಿ ಬಿಚ್ಚಿ ನೋಡಿದ್ರೆ ಹಪ್ಪಳದ ಥರ ಚಪ್ಪಟೆ, ಮತ್ತೆ ಮೇಲೇಳ್ಲೇ ಇಲ್ಲ. ಅದು ಸ್ಪ್ರಿಂಗ್ ವಾಷರ್ ಹೆಂಗಾಗುತ್ತೆ?

ನಿಪ್ಪಲ್ ಕಥೆ ಬೇರೆ. ಪಿನ್ನಿಗೆ ಬೇಕಿರೋದು 8 ಎಂಎಂ ದಪ್ಪದ (ಎಂ8), ಮರೆ ಮರೆಗೂ 1 ಎಂಎಂ ಅಂತರ (ಪಿಚ್) ಇರೋ ನಿಪ್ಪಲ್, ಮಾಮೂಲಿ ಎಂ8 ಬೋಲ್ಟಿನ ಪಿಚ್ 1.25, ಅದಕ್ಕೇ ಕೈಗೆ ಸಿಕ್ಕಿದ್ದನ್ನ ಬಲವಂತವಾಗಿ ತಿರುಗಿಸಿದ್ರೆ ಪಿನ್ನಿನ ಮರೆ ಹಾಳಾಗಿ ಲೇತ್ ಅಂಗಡಿಗೆ ಹೋಗಿ ಟ್ಯಾಪ್ ಹೊಡೆಸ್ಬೇಕು. ಕಿಟ್ಟಿನ ನಿಪ್ಪಲ್ ಪಿಚ್ ಸರಿ ಇತ್ತು, ಆದ್ರೆ ಎಲ್ಲಾ ನೇರದ್ದೇ. ನಮ್ಮ ಗಾಡೀಲಿ ಶ್ಯಾಕಲ್ಲಿನ ಮೇಲಿನ ಪಿನ್ನಿಗೆ ಗ್ರೀಸ್ ಗನ್ ಮೂತಿ ನೇರ ಹೋಗೋಕೆ ಜಾಗ ಇಲ್ಲ, 45 ಡಿಗ್ರಿ ಬಾಗಿರೋದು ಬೇಕು. ಗನ್ ಹೋಗಲ್ಲ ಅಂದ್ರೆ ಯಾರೂ ಗ್ರೀಸ್ ಹೊಡಿಯಲ್ಲ, ಹೊಡೀದಿದ್ರೆ ಹೊಸ ಬುಷ್ಷೂ ಬೇಗ ಸವೆಯುತ್ತೆ, ಹಾಕಿದ ದುಡ್ಡು ಮಣ್ಣುಪಾಲು.

ಮಾರಿದವರನ್ನ ಕೇಳಿದ್ರೆ ಎಲ್ಲಾ ಕಿಟ್ಟಲ್ಲೂ ಹಿಂಗೇ ಬರೋದು ಸಾರ್ ಅಂದ್ರು. ಇಷ್ಟು ಚೆನ್ನಾಗಿ ಪಿನ್ ಮಾಡೋಕೆ ಬರೋರಿಗೆ ನೆಟ್ಟಗಿರೋ ಒಂದು ಬೋಲ್ಟ್ ಹಾಕಿ ಕೊಡೋಕೆ ಏನ್ ಕಷ್ಟ? ಕೆಲಸದ ಟೈಮ್ ಜಾಸ್ತಿ ಹೋಗೋದೇ ಇದರಲ್ಲಿ, ಗಾಡಿ ನಿಂತಷ್ಟು ಹೊತ್ತೂ ಬಾಡಿಗೆ ಇಲ್ಲ.

ಈಗಾಗ್ಲೇ ಈ ಕಿಟ್ ತಂದಿಟ್ಕೊಂಡಿರೋರು ನಮ್ಮ ಮೇಸ್ತ್ರಿ ಮಾಡಿದ ಹಾಗೆ ಮಾಡಿ. ಪಿನ್ ತೂರಿಸೋಕೆ ಮುಂಚೆ ಗ್ರೂವ್ ಯಾವ ಕಡೆ ಇದೆ ಅಂತ ಪಿನ್ನಿನ ಮುಖದ ಮೇಲೆ ಪೇಂಟಲ್ಲಿ ಒಂದು ಗೆರೆ ಎಳೀರಿ, ಆಮೇಲೆ ಹೊರಗಿಂದಾನೇ ತಿರುಗಿಸಿ ತೂತಿಗೆ ಸರಿ ಮಾಡ್ಬೋದು, ಬೋಲ್ಟಿಗೆ ಸುತ್ತಿಗೆ ಏಟು ಕೊಡೋ ಕೆಲಸಾನೇ ಇಲ್ಲ. ನಿಪ್ಪಲ್ಲನ್ನ ಹೊರಗಡೆನೇ ಹಾಕಿ ಗನ್ ಕೊಟ್ಟು ಪಿನ್ನಿನ ಸೈಡ್ ತೂತಿಂದ ಗ್ರೀಸ್ ಆಚೆ ಬರ್ತಿದ್ಯಾ ನೋಡ್ಕೊಳ್ಳಿ. ವಾಷರ್ ಬಿದ್ದು ಹೋಗದ ಹಾಗೆ ಚೂರು ಗ್ರೀಸ್ ಹಚ್ಚಿ ನಟ್ಟಿಗೆ ಅಂಟಿಸಿ, ಬೆಂಗಳೂರಿನ ಎಸ್‌ಜೆಪಿ ರೋಡಲ್ಲಿ ಸಿಗೋ ಉದ್ದದ ಮ್ಯಾಗ್ನೆಟ್ ಕಡ್ಡಿ ಒಂದು ಪಕ್ಕದಲ್ಲಿರ್ಲಿ. ಮತ್ತೆ ತೂತು ಒಂದಕ್ಕೊಂದು ಸರಿ ಬಂದಿದ್ಯಾ ಅಂತ ಬೆರಳು ಹಾಕಿ ಮಾತ್ರ ನೋಡ್ಬೇಡಿ, ಜಾಕಿ ಒಂದ್ ಚೂರು ಅಲ್ಲಾಡಿದ್ರೆ ಬೆರಳೇ ಹೋಗುತ್ತೆ, ರಾಡ್ ಹಾಕಿ ನೋಡಿ. ಬ್ಲೇಡ್ ಬಿಚ್ಚಿದ್ರೆ, ಬ್ಲೇಡುಗಳನ್ನ ಒಟ್ಟಿಗೆ ಹಿಡಿಯೋ ಕ್ಲಿಪ್ಪಿನ ಬೋಲ್ಟ್ ತಲೆ ಟೈರ್ ಕಡೆಗೇ ಇರ್ಲಿ, ನಟ್ ಆ ಕಡೆಗೆ, ಸಡಿಲ ಆದ್ರೂ ಟೈರ್ ಕುಯ್ಯಲ್ಲ.

ರೇಟಿಂಗ್ ಪಿನ್ನಿಗೂ ಬುಷ್ಷಿಗೂ 5ಕ್ಕೆ 5, ಪೂರ್ತಿ ಕಿಟ್ಟಿಗೆ 2. ನಾವಂತೂ ಆರೂ ಲಾಕ್ ಬೋಲ್ಟು ಬಿಸಾಕಿ ನಂಬರ್ ಇರೋ 8.8 ಬೋಲ್ಟನ್ನ ಬೇರೆ ಅಂಗಡಿಯಿಂದ ತಂದು ಹಾಕಿದ್ವಿ, ನೀವು ಕೇಳೋವಾಗ ಪಿನ್ನು ಬುಷ್ಷು ಮಾತ್ರ ಲೂಸ್ ಕೊಡ್ತೀರಾ ಅಂತ ಮೊದಲು ಕೇಳಿ. 45 ಡಿಗ್ರಿ ನಿಪ್ಪಲ್ ಒಳ್ಳೇ ಕ್ವಾಲಿಟಿದು ಚಿತ್ರದುರ್ಗ, ಹಿರಿಯೂರು ಕಡೆ ಲೂಸಲ್ಲಿ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ದಯವಿಟ್ಟು ತಿಳಿಸಿ, ಇನ್ನೊಂದು ಸೈಡಿಗೆ ಆ ನಿಪ್ಪಲ್ ಇನ್ನೂ ಹಾಕ್ಬೇಕಿದೆ.