ಗಾಜೋ, ಮೂಳೆ ಚೂರೋ? ಆಸ್ಟಿಯೋಕ್ಲಾಸ್ಟ್ ಬೆಳೆಸುವವರಿಗೆ

ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶ ಹೇಗೆ ಅಂಟಿಕೊಳ್ಳುತ್ತದೆ ಅಂತ ನೋಡಬೇಕಾ? ಯಾವುದರ ಮೇಲೆ ಬೆಳೆಸುತ್ತೀರಿ ಅನ್ನುವುದೇ ಮುಖ್ಯ.

ಗಾಜು ಅಗ್ಗ, ಪಾರದರ್ಶಕ. ಕೋಶ ಪೋಡೋಸೋಮ್ ಎಂಬ ಪುಟ್ಟ ಪುಟ್ಟ ಆಕ್ಟಿನ್ (ಕೋಶಕ್ಕೆ ಆಕಾರ ಕೊಡುವ ಪ್ರೋಟೀನ್) ಚುಕ್ಕೆಗಳಿಂದ ಹಿಡಿದುಕೊಳ್ಳುತ್ತದೆ. ಅವು ಮೊದಲು ಗುಂಪಾಗಿರುತ್ತವೆ, ಆಮೇಲೆ ಉಂಗುರವಾಗುತ್ತವೆ, ಕೊನೆಗೆ ಕೋಶದ ಅಂಚಿನಲ್ಲಿ ಪಟ್ಟಿಯಾಗಿ ನಿಲ್ಲುತ್ತವೆ. ಒಂದೊಂದು ಚುಕ್ಕೆಯ ಆಯಸ್ಸು ಕೆಲವೇ ನಿಮಿಷ. ಇದನ್ನೆಲ್ಲ ಲೈವ್ ಆಗಿ ನೋಡಲು ಗಾಜೇ ಸರಿ.

ಆದರೆ ಗಾಜನ್ನು ಅದು ಕರಗಿಸುವುದಿಲ್ಲ, ಅಲ್ವಾ? ಮೂಳೆಯ ಮೇಲೆ ಕಥೆಯೇ ಬೇರೆ. ಪೋಡೋಸೋಮ್‌ಗಳು ಒತ್ತೊತ್ತಾಗಿ ಸೇರಿ ದಪ್ಪ ಬಳೆಯಂತಹ 'ಸೀಲಿಂಗ್ ಜೋನ್' ಆಗುತ್ತವೆ. ಅದರೊಳಗಿನ ಜಾಗಕ್ಕೆ ಕೋಶವು ಆಮ್ಲವನ್ನೂ, ಪ್ರೋಟೀನ್ ಕತ್ತರಿಸುವ ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವವನ್ನೂ ಸುರಿಯುತ್ತದೆ. ಗುಂಡಿ ಬೀಳುತ್ತದೆ. ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿದರೆ ಅದು ಕಾಣುತ್ತದೆ. ತೊಂದರೆ ಏನೆಂದರೆ, ಮೂಳೆ ಚೂರು ಗಾಜಿನಂತೆ ಪಾರದರ್ಶಕವಲ್ಲ, ಸೂಕ್ಷ್ಮದರ್ಶಕಕ್ಕೆ ಕಿರಿಕಿರಿ.

ಹಲ್ಲಿನ ಡೆಂಟಿನ್ (ಎನಾಮಲ್ ಕೆಳಗಿನ ಗಟ್ಟಿ ಪದರ) ಚೂರು ಸಿಕ್ಕರೆ ನನ್ನ ಓಟು ಅದಕ್ಕೇ. ಮೂಳೆಯಲ್ಲಿರುವ ರಕ್ತನಾಳದ ಕಾಲುವೆಗಳು ಅದರಲ್ಲಿಲ್ಲ, ಹಾಗಾಗಿ ಗುಂಡಿ ಎಣಿಸುವುದು ಸುಲಭ.