ಗಿರಾಕಿಗಳ ನಂಬರ್ ಯಾರಿಗೆ ಕಾಣುತ್ತೆ? ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಮೂರನ್ನೂ ಬಳಸಿ ನೋಡಿದ ಮೇಲೆ

ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಹಾಕುವವರು, ಬ್ಲೌಸ್ ಹೊಲಿಯುವವರು, ರೊಟ್ಟಿ–ಚಟ್ನಿಪುಡಿ ಮಾರುವವರು ಬಹಳ ಜನ ಇದ್ದಾರೆ. ನಾನು ಕುಚ್ಚು ಹಾಕುತ್ತೇನೆ. ಅಂಗಡಿ ಅಂತ ಬೇರೆ ಇಲ್ಲ, ಫೋನಿನಲ್ಲಿರುವ ಗ್ರೂಪೇ ಅಂಗಡಿ. ಹೊಸ ಡಿಸೈನ್ ಹಾಕಿದರೆ ವಿದ್ಯಾನಗರದಿಂದ ಹರಿಹರದ ತನಕ ನೋಡುತ್ತಾರೆ. ಆದರೆ ವಾಟ್ಸಾಪಿನ ಮಾಮೂಲಿ ಗ್ರೂಪಿನಲ್ಲಿ ಒಬ್ಬರ ನಂಬರ್ ಉಳಿದ ಎಲ್ಲರಿಗೂ ಕಾಣುತ್ತೆ. ಫೋನ್ ಹೆಂಗಸರದ್ದೇ ಇರಬಹುದು, ಅದನ್ನು ತೆಗೆದು ನೋಡುವವರು ಮನೆಯಲ್ಲಿ ಇನ್ನೂ ಇರುತ್ತಾರಲ್ವಾ?

ಗಿರಾಕಿಯೊಬ್ಬರು ಸೀರೆ ಕೊಡಲು ಬಂದಾಗ ಫೋನ್ ಮುಂದೆ ಹಿಡಿದರು. "ಅಕ್ಕಾ, ಯಾವನೋ ರಾತ್ರಿ ಹೊತ್ತು ಹಾಯ್ ಅಂತ ಕಳಿಸ್ತಾನೆ. ನಿಮ್ಮ ಮಗಳು ಚೆನ್ನಾಗಿದ್ದಾಳೆ ಅಂತಾನೆ. ನನ್ನ ನಂಬರ್ ಅವನಿಗೆ ಹೆಂಗೆ ಸಿಕ್ತು?" ಅವರು ಹತ್ತಾರು ಗ್ರೂಪುಗಳಲ್ಲಿದ್ದರು, ಎಲ್ಲಿಂದ ಹೋಯಿತೋ ಹೇಳುವಂತಿರಲಿಲ್ಲ. ಆದರೆ ಅವರ ಡಿಪಿ ನೋಡಿ ನನಗೆ ಎದೆ ಧಸಕ್ಕೆಂದಿತು. ಮಗಳು ಯೂನಿಫಾರ್ಮ್ ಹಾಕಿ ನಿಂತಿದ್ದಾಳೆ. ಸ್ವಲ್ಪ ದೊಡ್ಡದು ಮಾಡಿದರೆ ಬ್ಯಾಡ್ಜಿನ ಮೇಲೆ ಶಾಲೆ ಹೆಸರು ಓದಬಹುದು. ಇಂಥವನಿಗೆ ಇನ್ನೇನು ಬೇಕು?

ಆಮೇಲೆ ನಾನು ಮೂರು ಆ್ಯಪ್‌ಗಳನ್ನೂ ಇದೇ ಕೆಲಸಕ್ಕೆ ಬಳಸಿ ನೋಡಿದೆ. ನನ್ನ ಭಯ ಎಲ್ಲೋ ಕೂತ ಹ್ಯಾಕರ್ ಬಗ್ಗೆ ಅಲ್ಲ, ಇದೇ ಊರಲ್ಲಿದ್ದು ಮುಖ ಗೊತ್ತಿರುವವನ ಬಗ್ಗೆ. ಹಾಗಾಗಿ ಮುಖ್ಯವಾಗಿ ಇಷ್ಟೇ ನೋಡಿದೆ: ನಂಬರ್ ಯಾರಿಗೆ ಕಾಣುತ್ತೆ, ಫೋಟೋ ಯಾರಿಗೆ ಕಾಣುತ್ತೆ, ಗುರುತಿಲ್ಲದವನು ನೇರವಾಗಿ ಬಂದು ಮಾತಾಡಿಸಬಹುದಾ.

ಟೆಲಿಗ್ರಾಂ ಮೊದಲ ನೋಟಕ್ಕೆ ಬಹಳ ಹಿಡಿಸುತ್ತೆ. ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲಿ ಫೋನ್ ನಂಬರ್ ಅನ್ನುವ ಕಡೆ 'ನೋಬಡಿ' ಇಟ್ಟರೆ ಗ್ರೂಪಿನಲ್ಲಿ ನಂಬರ್ ಯಾರಿಗೂ ಕಾಣಲ್ಲ. ನಾವು ಮಾತ್ರ ಹಾಕಿ ಉಳಿದವರು ನೋಡುವಂಥ ಚಾನೆಲ್ ಮಾಡಿದರೆ ಸೇರಿದವರು ಒಬ್ಬರಿಗೊಬ್ಬರು ಕಾಣುವುದೇ ಇಲ್ಲ. ಆದರೆ ಅದೇ ಪ್ರೈವಸಿಯಲ್ಲಿ ನಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಅನ್ನುವುದು ಮೊದಲಿಗೆ 'ಎವ್ರಿಬಡಿ' ಅಂತಲೇ ಇರುತ್ತೆ. ಯಾರು ಬೇಕಾದರೂ ನಿಮ್ಮನ್ನು ಎಳೆದು ಯಾವುದೋ ಗ್ರೂಪಿಗೆ ಹಾಕಬಹುದು. ವಿಡಿಯೋಗೆ ಲೈಕ್ ಕೊಟ್ಟರೆ ದುಡ್ಡು, ಹೋಟೆಲಿಗೆ ರಿವ್ಯೂ ಬರೆದರೆ ದುಡ್ಡು ಅಂತ ಶುರುವಾಗಿ, ಕೊನೆಗೆ ನಮ್ಮಿಂದಲೇ ದುಡ್ಡು ಕಟ್ಟಿಸಿಕೊಳ್ಳುವ ಗ್ರೂಪುಗಳು ಅಲ್ಲಿ ಸಿಕ್ಕಾಪಟ್ಟೆ. ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯಬೇಕು ಅನ್ನುವ ಹೆಂಗಸರನ್ನೇ ಅವು ಹುಡುಕುತ್ತವೆ. ನಮ್ಮ ಗಿರಾಕಿಗಳೂ ಅಂಥವರೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಟೆಲಿಗ್ರಾಂನ ಮಾಮೂಲಿ ಚಾಟ್ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲಾಗದ ಬೀಗ) ಅಲ್ಲ, ಅದು ಕಂಪನಿಯ ಸರ್ವರಿನಲ್ಲಿ ಇರುತ್ತೆ. 'ಸೀಕ್ರೆಟ್ ಚಾಟ್' ಅಂತ ಬೇರೆ ತೆರೆದರೆ ಮಾತ್ರ ಆ ರಕ್ಷಣೆ, ಅದೂ ಇಬ್ಬರ ನಡುವೆ ಮಾತ್ರ. ಗ್ರೂಪಿಗೆ ಇಲ್ಲವೇ ಇಲ್ಲ. ಬ್ಲೌಸಿನ ಅಳತೆ, ಮದುವೆಮನೆ ಫೋಟೋ ಇಂಥದ್ದನ್ನು ಅಲ್ಲಿ ಹಾಕಿ ಅಂತ ನಾನು ಯಾರಿಗೂ ಹೇಳಲಾರೆ.

ಸಿಗ್ನಲ್ ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಟ್ಟಿತು. ಅಕೌಂಟ್ ತೆರೆಯಲು ನಂಬರ್ ಬೇಕೇ ಬೇಕು, ಆದರೆ 2024ರಲ್ಲಿ ಯೂಸರ್‌ನೇಮ್ ಬಂದ ಮೇಲೆ ನಂಬರ್ ತಾನಾಗಿಯೇ ಮರೆಯಾಗಿರುತ್ತೆ. ನಮ್ಮ ನಂಬರ್ ಮೊದಲೇ ಸೇವ್ ಮಾಡಿಕೊಂಡವರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ನಂಬರ್ ಹಾಕಿ ಹುಡುಕಿದರೂ ನಾವು ಸಿಗದ ಹಾಗೆ ಇಡಬಹುದು, ಅದನ್ನು ಮಾತ್ರ ನಾವೇ ಬದಲಾಯಿಸಬೇಕು. ಗುರುತಿಲ್ಲದವರು ಬರೆದರೆ ಅದು ಕೋರಿಕೆಯಾಗಿ ಬಂದು ನಿಲ್ಲುತ್ತೆ. ಒಪ್ಪುತ್ತೀರಾ, ಡಿಲೀಟ್ ಮಾಡುತ್ತೀರಾ, ಬ್ಲಾಕ್ ಮಾಡುತ್ತೀರಾ ಅಂತ ಕೇಳುತ್ತೆ. ನಾವು ಒಪ್ಪುವ ತನಕ ನಾವು ಓದಿದ್ದು ಅವನಿಗೆ ತಿಳಿಯಲ್ಲ. ಮನೆಗೆ ಬಂದವರನ್ನು ಕಿಟಕಿಯಲ್ಲಿ ನೋಡಿ ಆಮೇಲೆ ಬಾಗಿಲು ತೆಗೆದ ಹಾಗೆ. ಎಲ್ಲ ಚಾಟೂ, ಗ್ರೂಪೂ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುತ್ತೆ. ಒಂದೇ ತೊಂದರೆ, ಗಿರಾಕಿಗಳು ಅಲ್ಲಿಲ್ಲ. "ಇನ್ನೊಂದು ಆ್ಯಪಾ? ನನ್ನ ಫೋನಲ್ಲಿ ಜಾಗ ಇಲ್ಲ ಕಣೇ" ಅಂದರು ಪಿ.ಜೆ. ಬಡಾವಣೆಯ ಆಂಟಿ. ಅವರ ಮಾತಲ್ಲಿ ತಪ್ಪಿಲ್ಲ.

ಹಾಗಾಗಿ ವ್ಯಾಪಾರಕ್ಕೆ ವಾಟ್ಸಾಪೇ ಗತಿ, ಆದರೆ ಮಾಮೂಲಿ ಗ್ರೂಪ್ ಅಲ್ಲ. ಅಲ್ಲಿ ನಾನು ಎರಡು ದಾರಿ ಬಳಸಿ ನೋಡಿದೆ.

ಒಂದು ಬ್ರಾಡ್‌ಕಾಸ್ಟ್ ಲಿಸ್ಟ್. ಒಂದು ಲಿಸ್ಟಿಗೆ 256 ಜನ. ಪ್ರತಿಯೊಬ್ಬರಿಗೂ ಅದು ಬೇರೆ ಬೇರೆ ಮೆಸೇಜಾಗಿ ಹೋಗುತ್ತೆ, ಉತ್ತರ ನನಗೊಬ್ಬಳಿಗೇ ಬರುತ್ತೆ. ಒಬ್ಬರಿಗೊಬ್ಬರು ಗೊತ್ತೇ ಆಗಲ್ಲ. ಆದರೆ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಹೊಸಬರು ಅರ್ಧಕ್ಕರ್ಧ ಸೇವ್ ಮಾಡುವುದೇ ಇಲ್ಲ.

ಇನ್ನೊಂದು ಕಮ್ಯುನಿಟಿ, ಅಂದರೆ ಹಲವು ಗ್ರೂಪುಗಳನ್ನು ಒಂದೇ ಕಡೆ ಸೇರಿಸಿಡುವ ವ್ಯವಸ್ಥೆ. ಅದರ ಅನೌನ್ಸ್‌ಮೆಂಟ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಹಾಕಬಹುದು, ಸೇರಿದವರ ನಂಬರ್ ಅಡ್ಮಿನ್ ಬಿಟ್ಟು ಬೇರೆ ಗುರುತಿಲ್ಲದವರಿಗೆ ಕಾಣಲ್ಲ. ಕಮ್ಯುನಿಟಿಯ ಒಳಗಿರುವ ಬೇರೆ ಗ್ರೂಪಿಗೆ ಸೇರಿದರೆ ಮಾತ್ರ ಅಲ್ಲಿ ನಂಬರ್ ಮತ್ತೆ ಬಯಲು. ಅದಕ್ಕೇ ಗಿರಾಕಿಗಳನ್ನು ಯಾವ ಒಳಗ್ರೂಪಿಗೂ ಸೇರಿಸಿಲ್ಲ. ನನಗೆ ಇದೇ ಸರಿಹೋಯಿತು, ಈಗ ಹಳೇ ಗ್ರೂಪ್ ಮುಚ್ಚಿದ್ದೇನೆ. "ಮೊದಲು ಎಲ್ಲರೂ ಮಾತಾಡ್ತಿದ್ವಿ, ಈಗ ಸಪ್ಪೆ" ಅಂತ ಕೆಲವರಿಗೆ ಬೇಜಾರಿದೆ. ಆ ಹರಟೆ ಹೋಗಿದ್ದು ನನಗೂ ಬೇಜಾರೇ. ಆದರೂ ಸಪ್ಪೆಯೇ ಇರಲಿ.

ವಾಟ್ಸಾಪಿನ ಪ್ರೈವಸಿಯಲ್ಲಿ 'ಮೈ ಕಾಂಟ್ಯಾಕ್ಟ್ಸ್' ಅಂತ ಇಟ್ಟು ನಿಶ್ಚಿಂತೆಯಾಗಿರುವವರು ಒಮ್ಮೆ ತಮ್ಮ ಕಾಂಟ್ಯಾಕ್ಟ್ ಲಿಸ್ಟ್ ತೆರೆದು ನೋಡಬೇಕು. ನನ್ನದರಲ್ಲಿ ಗ್ಯಾಸ್ ತರುವವರು, ಆಟೋದವರು, ರೇಷ್ಮೆ ದಾರದ ಅಂಗಡಿಯವರು, ಒಂದೇ ಸಲ ಬಂದು ಹೋದ ಪ್ಲಂಬರ್, ಎಲ್ಲರೂ ಇದ್ದರು. ಸೇವ್ ಮಾಡಿದವರೆಲ್ಲ 'ಮೈ ಕಾಂಟ್ಯಾಕ್ಟ್ಸ್' ಲೆಕ್ಕಕ್ಕೆ ಬರುತ್ತಾರೆ, ಮಗುವಿನ ಫೋಟೋನೂ ನೋಡುತ್ತಾರೆ, ಅವರೂ ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮನೆಗೆ ಬೀಗ ಹಾಕಿ ಊರಿಗೆ ಹೊರಟ ಸ್ಟೇಟಸ್ಸೂ ನೋಡುತ್ತಾರೆ. ಸ್ಟೇಟಸ್ಸಿಗೆ 'ಓನ್ಲಿ ಶೇರ್ ವಿತ್' ಆಯ್ಕೆ ಇದೆ, ಬೇಕಾದವರನ್ನು ಮಾತ್ರ ಆರಿಸಬಹುದು. ನನ್ನ ಡಿಪಿಯಲ್ಲಿ ಈಗ ಕುಚ್ಚಿನ ಫೋಟೋ ಇದೆ, ಮಕ್ಕಳದ್ದಿಲ್ಲ. ಮಕ್ಕಳ ಫೋಟೋ ಕಳಿಸುವುದಿದ್ದರೆ ಅಕ್ಕ–ತಂಗಿಯರ ಸಿಗ್ನಲ್ ಗ್ರೂಪಿಗೆ. ಮನೆಯವರಷ್ಟೇ ಇರುವ ಕಡೆ ಹೊಸ ಆ್ಯಪ್ ಹಾಕಿಸುವುದು ಸುಲಭ.

ಯಾವುದನ್ನೇ ಬಳಸಿ, ಪಿನ್ ಹಾಕಿ. ವಾಟ್ಸಾಪಿನಲ್ಲಿ ಆರು ಅಂಕಿಯ ಟೂ ಸ್ಟೆಪ್ ಪಿನ್, ಟೆಲಿಗ್ರಾಂನಲ್ಲಿ ಪಾಸ್‌ವರ್ಡ್, ಸಿಗ್ನಲ್‌ನಲ್ಲಿ ರಿಜಿಸ್ಟ್ರೇಷನ್ ಲಾಕ್. ಯಾರಾದರೂ ನಯವಾಗಿ ಮಾತಾಡಿ ಓಟಿಪಿ ಕೇಳಿ ಪಡೆದರೂ, ಇದು ಗೊತ್ತಿಲ್ಲದೆ ಹೊಸ ಫೋನಿನಲ್ಲಿ ನಮ್ಮ ಅಕೌಂಟ್ ತೆರೆಯುವುದು ಕಷ್ಟ.

ಕಾಟ ಶುರುವಾಗಿಬಿಟ್ಟಿದ್ದರೆ ಬ್ಲಾಕ್ ಮಾಡುವ ಮೊದಲು ನಂಬರ್ ಮತ್ತು ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾಟ್ ಅಳಿಸಬೇಡಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್‌ನಲ್ಲಿ ದೂರು ಕೊಡಬಹುದು, ಹೆಂಗಸರು–ಮಕ್ಕಳ ಅಶ್ಲೀಲ ಫೋಟೋ–ವಿಡಿಯೋ ವಿಷಯವಾದರೆ ಹೆಸರು ಹೇಳದೆಯೂ ಕೊಡಬಹುದು. ದುಡ್ಡು ಹೋಗಿದ್ದರೆ ಕಾಯಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.