ಮೊದಲು ಮಾರೋದಾ, ಮೊದಲು ಕೊಳ್ಳೋದಾ?

ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಮಾರಿ ಮೂರು ಬೆಡ್‌ರೂಮಿನದಕ್ಕೆ ಹೋಗಬೇಕು, ಯಾವುದು ಮೊದಲು ಅಂತ ಕೇಳಿದ್ದೀರಿ.

ದುಡ್ಡಿನ ಮಟ್ಟಿಗೆ ಮೊದಲು ಮಾರುವುದೇ ನಿರಾಳ. ಕೈಗೆ ಎಷ್ಟು ಬರುತ್ತದೆ ಅಂತ ಖಚಿತವಾಗಿರುತ್ತದೆ. ಎರಡೆರಡು ಇಎಂಐ ಬೀಳುವುದಿಲ್ಲ. ಆದರೆ ನಡುವೆ ಬಾಡಿಗೆ ಮನೆ, ಅದಕ್ಕೆ ಅಡ್ವಾನ್ಸ್, ಎರಡು ಸಲ ಸಾಮಾನು ಸಾಗಣೆ. ಅಜ್ಜಿ, ಫ್ರಿಜ್ಜು, ದೇವರ ಮಂಟಪ ಎಲ್ಲವನ್ನೂ ಎರಡು ಸಲ ಲಿಫ್ಟಲ್ಲಿ ಇಳಿಸಿ ಹತ್ತಿಸುವುದು ಸುಮ್ನೆ ಮಾತಲ್ಲ!

ಮೊದಲು ಕೊಂಡರೆ ಆ ಪರದಾಟ ಇಲ್ಲ. ಖಾಲಿ ಫ್ಲಾಟಿಗೆ ಸುಣ್ಣಬಣ್ಣ ಮಾಡಿಸಿ ತೋರಿಸುವುದೂ ಸುಲಭ. ಬೇಗ ಹೋಗದಿದ್ದರೆ ಮಾತ್ರ ಇಎಂಐ ಭಾರಕ್ಕೆ ಕಡಿಮೆ ರೇಟಿಗೆ ಒಪ್ಪಬೇಕಾಗುತ್ತದೆ.

ತೆರಿಗೆಯಲ್ಲೂ ವ್ಯತ್ಯಾಸವಿದೆ. ಹಳೆ ಮನೆ 24 ತಿಂಗಳಿಗಿಂತ ಜಾಸ್ತಿ ನಿಮ್ಮದಾಗಿದ್ದರೆ, ಮಾರುವ ಮುಂಚಿನ 1 ವರ್ಷದೊಳಗೆ ಅಥವಾ ಮಾರಿದ 2 ವರ್ಷದೊಳಗೆ ಇನ್ನೊಂದು ಕೊಂಡರೆ ಲಾಭದ ಮೇಲೆ ವಿನಾಯಿತಿ ಸಿಗುತ್ತದೆ. ಕಟ್ಟಿಸುವುದಾದರೆ 3 ವರ್ಷ. ಅಂದರೆ ಮೊದಲು ಕೊಂಡವರಿಗೆ ಗಡುವು ಬಿಗಿ.

ಹಳೆ ಫ್ಲಾಟಿನ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಎರಡೂ ದಾರಿಗೆ ಬೇಕು, ಈಗಲೇ ಮಾಡಿಸಿ.

ಹಳೆ ಸಾಲ ತೀರಿದ್ದು, ಇಬ್ಬರ ಸಂಬಳವೂ ಇದ್ದರೆ ಮೊದಲು ಕೊಳ್ಳಬಹುದು. ಹೊಸ ಮನೆಯ ಡೌನ್ ಪೇಮೆಂಟೇ ಹಳೆ ಮನೆಯಿಂದ ಬರಬೇಕಾದರೆ ಮೊದಲು ಮಾರಿ. ಕೊಳ್ಳುವವರು ಒಪ್ಪಿದರೆ, ಖಾಲಿ ಮಾಡಲು ಎರಡು ತಿಂಗಳ ಸಮಯವನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ.